ಬೆಂಜ್ ಬೇಕೇನ್ರೀ? ಮೊದಲು ಬಾನೆಟ್ ಮೇಲೆ ಕೈಯಿಡಿ!

ಪರದೆಯ ಮೇಲೆ ರಾತ್ರಿ. ಜೋರು ಮಳೆ. ಬಂಗಲೆಯ ಕಬ್ಬಿಣದ ಗೇಟು ಕಿರ್ರ್ ಅಂತ ತೆರೆದುಕೊಳ್ಳುತ್ತೆ. ಕಪ್ಪು ಬೆಂಜ್ ಕಾರೊಂದು ಸದ್ದಿಲ್ಲದೆ ಒಳಗೆ ಬಂದು ನಿಲ್ಲುತ್ತೆ. ಬಾಗಿಲು ತೆರೆದಾಗ ಮೊದಲು ಕಾಣೋದು ಮಿರಮಿರ ಮಿಂಚುವ ಬೂಟು, ಆಮೇಲೆ ಸಿಗಾರಿನ ಹೊಗೆ, ಕೊನೆಗೆ ವಿಲನ್ ಸಾಹೇಬರು!

ಗಾಂಧಿ ಕ್ಲಾಸಿನಲ್ಲಿ ಕೂತ ನಾವು ವಿಲನ್‌ಗೆ ಬೈದೆವು. ಕಾರಿಗೆ ಮಾತ್ರ ಶಿಳ್ಳೆ ಹೊಡೆದೆವು. ಹೌದೋ ಅಲ್ಲವೋ, ಎದೆ ಮುಟ್ಟಿಕೊಂಡು ಹೇಳಿ!

ಅಭಿಮಾನಿ ಮಿತ್ರರೇ, ಆ ಕಾಲದ ಬೆಂಜ್ ಇವತ್ತು ಹೊಸ ಸಣ್ಣ ಕಾರಿನ ದುಡ್ಡಿಗೆ ಕೈಗೆ ಸಿಗುತ್ತೆ. ಸಿಗೋದೇನೋ ಸಿಗುತ್ತೆ...... ಸಾಕೋಕಾಗುತ್ತಾ? ಅದೇ ಈ ವಾರದ ಪ್ರಶ್ನೆ. ಉತ್ತರ ಹೇಳುವ ಅರ್ಹತೆ ಈ ಬಡಪಾಯಿಗೆ ಇದೆ. ಯಾಕೆ ಅಂತೀರಾ? ಒಮ್ಮೆ ಕೈ ಸುಟ್ಟುಕೊಂಡವನು ನಾನು!

ಯಾರೀ ಸುಂದರಾಂಗ?

ನಾನು ಹೇಳ್ತಿರೋದು ಮರ್ಸಿಡಿಸ್ ಕಂಪನಿಯ ಡಬ್ಲ್ಯೂ 124 ಎಂಬ ಮಾದರಿಯ ಬಗ್ಗೆ. 1984ರ ಕೊನೆಯಲ್ಲಿ ಜರ್ಮನಿಯಲ್ಲಿ ಹುಟ್ಟಿದ ಗಾಡಿ. ಬ್ರೂನೋ ಸಾಕೋ ಎಂಬ ಮಹಾಶಯರು ಆಗ ಕಂಪನಿಯ ವಿನ್ಯಾಸ ವಿಭಾಗದ ಮುಖ್ಯಸ್ಥರು. ನೋಡೋಕೆ ಪೆಟ್ಟಿಗೆ ಹಾಗಿದ್ದರೂ ಗಾಳಿಯನ್ನು ಸೀಳಿಕೊಂಡು ಹೋಗುವ ಮೈಕಟ್ಟು. ಮುಂದಿನ ಗಾಜಿಗೆ ಒಂದೇ ಒಂದು ವೈಪರ್! ಆದರೆ ಆ ಒಂಟಿ ವೈಪರ್ ಓಡಾಡ್ತಾ ಓಡಾಡ್ತಾ ಕೈ ಚಾಚಿ ಮೂಲೆಯನ್ನೂ ಒರೆಸಿ ಬರುತ್ತೆ. ಗಾಜಿನ 86 ಭಾಗವನ್ನು ಅದೊಂದೇ ಒರೆಸುತ್ತೆ ಅಂತ ಲೆಕ್ಕ. ಎಲ್ಲಾ ತರಹದ ಮೈಕಟ್ಟು ಸೇರಿಸಿ 25 ಲಕ್ಷಕ್ಕೂ ಹೆಚ್ಚು ಗಾಡಿ ತಯಾರಾದವು. 1993ರಲ್ಲಿ ಇದಕ್ಕೆ 'ಇ-ಕ್ಲಾಸ್' ಅಂತ ನಾಮಕರಣವಾಯಿತು.

ನಮ್ಮ ದೇಶಕ್ಕೆ ಬಂದ ಕಥೆ ಇನ್ನೂ ಸ್ವಾರಸ್ಯ. 1991ರಲ್ಲಿ ದೇಶದ ಆರ್ಥಿಕ ಬಾಗಿಲು ತೆರೆಯಿತಲ್ಲ, ಅದಾದ ಮೇಲೆ 1994ರಲ್ಲಿ ಟೆಲ್ಕೋ ಜೊತೆ ಸೇರಿ ಮರ್ಸಿಡಿಸ್ ಇಲ್ಲಿ ಕಂಪನಿ ಕಟ್ಟಿತು. 1995ರಲ್ಲಿ ಪುಣೆಯಿಂದ ಮೊದಲ ಬೆಂಜ್ ಹೊರಬಂತು. ಅದು ಇದೇ ಮಾದರಿ! ಇ 220 ಅಂದರೆ ಪೆಟ್ರೋಲು, ಇ 250 ಅಂದರೆ 5 ಸಿಲಿಂಡರಿನ ಡೀಸೆಲ್ಲು. ಅವತ್ತಿನವರೆಗೆ ವಿದೇಶದಿಂದ ತರಿಸುವ ತಾಕತ್ತಿದ್ದವರಿಗಷ್ಟೇ ಇದ್ದ ಬೆಂಜ್, ಡಾಕ್ಟರುಗಳು, ವ್ಯಾಪಾರಿಗಳು, ಸಿನಿಮಾದವರ ಮನೆ ಮುಂದೆಯೂ ನಿಂತಿತು.

ಇದೇ ಮೈಕಟ್ಟಿನಲ್ಲಿ '500 ಇ' ಅಂತ ಒಬ್ಬ ಅಣ್ಣ ಇದ್ದಾನೆ. 8 ಸಿಲಿಂಡರ್, 5 ಲೀಟರ್ ಎಂಜಿನ್. ಅದನ್ನು ಜೋಡಿಸೋಕೆ ಪೋರ್ಶೆ ಕಾರ್ಖಾನೆಯ ಕೈ ಬೇಕಾಯ್ತು. 1998ರ ಫ್ರೆಂಚ್ ಚಿತ್ರ 'ಟ್ಯಾಕ್ಸಿ' ನೋಡಿದ್ದೀರಾ? ಬ್ಯಾಂಕ್ ದೋಚುವ ಜರ್ಮನ್ ಗ್ಯಾಂಗು ಕೆಂಪು ಬಣ್ಣದ 500 ಇ ಗಾಡಿಗಳಲ್ಲೇ ಪರಾರಿಯಾಗೋದು. ಬೆನ್ನಟ್ಟುವ ನಾಯಕನದು ಬಿಳೀ ಪ್ಯೂಜೋ ಟ್ಯಾಕ್ಸಿ!

ಇನ್ನೊಂದು ತಮಾಷೆ ಕೇಳಿ. ಇಲ್ಲಿ ನಾವು ದೂರದಿಂದ ಕೈಮುಗಿಯುವ ಈ ಗಾಡಿ ಜರ್ಮನಿಯಲ್ಲಿ ಆ ಕಾಲಕ್ಕೆ ಮಾಮೂಲಿ ಬಾಡಿಗೆ ಟ್ಯಾಕ್ಸಿಯಾಗಿತ್ತು. ಲಕ್ಷ ಲಕ್ಷ ಕಿಲೋಮೀಟರ್ ಡ್ಯೂಟಿ ಮಾಡಿದ ಗಟ್ಟಿ ಪಿಂಡ. ಅಂದರೆ ಇದು ಓಡೋಕೆ ಹುಟ್ಟಿದ್ದು, ನಿಲ್ಲೋಕಲ್ಲ. ಈ ಮಾತು ನೆನಪಿರಲಿ, ಕೊನೇ ರೀಲಿನಲ್ಲಿ ಬೇಕಾಗುತ್ತೆ.

ನನ್ನ ಫ್ಲಾಪ್ ಚಿತ್ರ

2008. ಬೆಂಗಳೂರಿನಲ್ಲಿ ಒಬ್ಬ ಬ್ರೋಕರ್ ಹತ್ತಿರ ಕಪ್ಪು ಇ 220 ನಿಂತಿತ್ತು. ಬಾನೆಟ್ ಮೇಲೆ ಮೂರು ಮೂಲೆಯ ನಕ್ಷತ್ರ ಫಳಫಳ. ನಾನು ಕಾರು ನೋಡಲಿಲ್ಲ ಸ್ವಾಮಿ, ಅದರ ಬಾಗಿಲಿನಲ್ಲಿ ನನ್ನ ಮುಖ ನೋಡಿಕೊಂಡೆ! ಅಷ್ಟು ಹೊಳಪು. ಇದ್ದ ದುಡ್ಡೆಲ್ಲಾ ಸುರಿದೆ. ಸಂಜೆ ಮನೆ ಮುಂದೆ ನಿಲ್ಲಿಸಿದಾಗ ಬೀದಿಯ ಹುಡುಗರೆಲ್ಲಾ ಸುತ್ತ ಸೇರಿದರು. ನಾನೇ ಹೀರೋ!

ಹನ್ನೊಂದನೇ ದಿನ ನೆಲಮಂಗಲ ದಾಟುವ ಹೊತ್ತಿಗೆ ಬಾನೆಟ್ಟಿನಿಂದ ಹಬೆ. ಹೆಡ್ ಗ್ಯಾಸ್ಕೆಟ್ ಹೋಗಿತ್ತು. ಅದು ರಿಪೇರಿಯಾಯಿತು ಅನ್ನುವಷ್ಟರಲ್ಲಿ ಎ.ಸಿ. ಸತ್ತಿತು. ಎ.ಸಿ.ಯ ತಂಪು ಮಾಡುವ ಪೆಟ್ಟಿಗೆ ಇರೋದು ಡ್ಯಾಶ್‌ಬೋರ್ಡಿನ ಹಿಂದೆ. ಅದೊಂದು ಸೋರಿದರೆ ಇಡೀ ಡ್ಯಾಶ್‌ಬೋರ್ಡನ್ನೇ ಕಳಚಬೇಕು. ಬಿಲ್ ನೋಡಿ ನನಗೇ ಬೆವರು. ಮನೆಯವಳ ಎರಡು ಬಳೆ ಗಿರವಿ ಅಂಗಡಿಗೆ ಹೋದವು. ಎಂಟು ತಿಂಗಳಾದ ಮೇಲೆ ಗಾಡಿಯನ್ನು ಕೊಂಡ ಅರ್ಧ ಬೆಲೆಗೆ ಮಾರಿದೆ. ಬಳೆ ಬಿಡಿಸಿಕೊಳ್ಳೋಕೆ ಎರಡು ವರ್ಷ ಹಿಡಿಯಿತು. ಅವಳು ಇವತ್ತಿಗೂ ಆ ಮಾತು ಎತ್ತಿಲ್ಲ. ಎತ್ತದಿರೋದೇ ಹೆಚ್ಚು ಚುಚ್ಚುತ್ತೆ ಕಣ್ರೀ.

ನಾನು ಕಲಿತ ಪಾಠ ಒಂದೇ. ಗಾಡಿಯ ಬೆಲೆ ಇಳಿಯುತ್ತೆ, ಸ್ಪೇರಿನ ಬೆಲೆ ಇಳಿಯಲ್ಲ! ಮೂರು ಲಕ್ಷಕ್ಕೆ ಸಿಕ್ಕಿತು ಅಂದ ಮಾತ್ರಕ್ಕೆ ಅದು ಮೂರು ಲಕ್ಷದ ಕಾರಲ್ಲ. ಶ್ರೀಮಂತರ ಕಾರಿನ ಖರ್ಚು ಶ್ರೀಮಂತರ ಖರ್ಚೇ.

ತಮ್ಮನ ಐದು ಲಕ್ಷ

ಹೋದ ವರ್ಷ ನನ್ನ ಹಳೇ ಗೆಳೆಯನ ತಮ್ಮ ಮನೆಗೆ ಬಂದ. ಕ್ಯಾಬ್ ಓಡಿಸುವ ಹುಡುಗ. ಶಂಕರ್‌ನಾಗ್ ಅಂದರೆ ಪ್ರಾಣ. 'ಆಟೋ ರಾಜ' ಬಂದಾಗ ಇವನಿನ್ನೂ ಹುಟ್ಟೇ ಇರಲಿಲ್ಲ, ಆದರೂ ಗಾಡಿಯಲ್ಲಿ ಫೋಟೋ ಅಂಟಿಸಿಕೊಂಡಿದ್ದಾನೆ.

"ಅಣ್ಣಾ, ಬೆಂಜ್ ನೋಡಿದೀನಿ. ಐದು ಲಕ್ಷ ಇದೆ. ನನ್ನದು ಮೂರು, ಅಮ್ಮನ ಚೀಟಿ ದುಡ್ಡು ಎರಡು. ಮದುವೆ ಸೀಜನ್‌ನಲ್ಲಿ ಬಾಡಿಗೆಗೆ ಬಿಟ್ರೆ ಎರಡೇ ವರ್ಷದಲ್ಲಿ ದುಡ್ಡು ವಾಪಸ್ಸು."

ಅಮ್ಮನ ಚೀಟಿ ದುಡ್ಡು ಅಂದ ತಕ್ಷಣ ನನಗೆ ಆ ಎರಡು ಬಳೆ ನೆನಪಾದವು.

"ಬಿಳೀ ಬೋರ್ಡಿನ ಗಾಡೀನ ಬಾಡಿಗೆಗೆ ಬಿಡೋ ಹಾಗಿಲ್ಲ ಅಂತ ನಿನಗೆ ನಾನು ಹೇಳಬೇಕೇನಪ್ಪ? ಏನಾದ್ರೂ ಅಪಘಾತ ಆದ್ರೆ ವಿಮೆಯವರು ಕೈ ಎತ್ತಿಬಿಡ್ತಾರೆ. ದುಡಿಮೆಗೆ ಅಂತ ತಗೋಬೇಡ. ಪ್ರೀತಿಗೆ ಅಂತಾದ್ರೆ ನಡಿ, ನೋಡೋಣ."

ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, "ಪ್ರೀತಿಗೇ ಅಣ್ಣ" ಅಂದ.

ಜೆ.ಸಿ. ರಸ್ತೆ ಹತ್ತಿರ ನನಗೆ ಗೊತ್ತಿರುವ ಮೇಸ್ತ್ರಿ ಒಬ್ಬರಿದ್ದಾರೆ. ಮೂವತ್ತು ವರ್ಷದಿಂದ ಇದೇ ಗಾಡಿಗಳ ಹೊಟ್ಟೆಯೊಳಗೆ ಕೈಯಾಡಿಸಿದವರು. ಅವರನ್ನು ಜೊತೆಗೆ ಕರೆದೆ. ಅವರು ಹೇಳಿದ ಮೊದಲ ಮಾತು: "ಐದು ಲಕ್ಷ ಇದ್ರೆ ಮೂರಕ್ಕೆ ಗಾಡಿ. ಎರಡು ಜೇಬಲ್ಲೇ ಇರಲಿ. ಅದು ಗಾಡಿಗೆ ಊಟದ ಖರ್ಚು!"

ಮೊದಲನೇ ಗಾಡಿ: ಮೇಕಪ್ಪು ಜೋರು!

ಬ್ರೋಕರ್ ಅಂಗಳದಲ್ಲಿ ಬೆಳ್ಳಿ ಬಣ್ಣದ ಗಾಡಿ. ಹುಡುಗನ ಕಣ್ಣು ಅರಳಿತು. ಮೇಸ್ತ್ರಿ ಮಾತ್ರ ಸೀದಾ ಹೋಗಿ ಬಾನೆಟ್ ಮೇಲೆ ಅಂಗೈ ಇಟ್ಟರು. ಬಿಸಿ!

"ನಾವು ಬರೋ ಮುಂಚೇನೇ ಓಡಿಸಿ ನಿಲ್ಲಿಸಿದ್ದಾರೆ ಸಾರ್. ತಣ್ಣಗಿರೋ ಎಂಜಿನ್ ಮಾತ್ರ ನಿಜ ಹೇಳುತ್ತೆ. ಬಿಸಿ ಎಂಜಿನ್ ಡೈಲಾಗ್ ಹೊಡೆಯುತ್ತೆ!"

ಬ್ರೋಕರ್ ಬೆನ್ನು ಬಿಡಲಿಲ್ಲ. "ಇನ್ನಿಬ್ರು ಪಾರ್ಟಿ ಕಾಯ್ತಿದಾರೆ, ಟೋಕನ್ ಹಾಕಿಬಿಡಿ" ಅಂತ ಒಂದೇ ಸಮ. ನಾವು ನಮಸ್ಕಾರ ಹೇಳಿ ಬಂದುಬಿಟ್ಟೆವು. ಮಾರನೇ ದಿನ ಬೆಳಿಗ್ಗೆ ಏಳಕ್ಕೆ, ಹೇಳದೇ ಕೇಳದೇ ಮತ್ತೆ ಹಾಜರ್! ಈಗ ಎಂಜಿನ್ ತಣ್ಣಗೆ. ಕೀ ತಿರುಗಿಸಿದ ಕೂಡಲೇ ಹಿಂದಿನಿಂದ ನೀಲಿ ಹೊಗೆ.

ಹೊಗೆಯ ಭಾಷೆ ಕಲಿತುಕೊಳ್ಳಿ. ನೀಲಿ ಹೊಗೆ ಬಂದರೆ ಎಂಜಿನ್ ತನ್ನ ಆಯಿಲನ್ನೇ ಕುಡೀತಿದೆ ಅಂತ ಅರ್ಥ. ದಟ್ಟ ಬಿಳಿ ಹೊಗೆ ನಿಲ್ಲದೇ ಬಂದರೆ ರೇಡಿಯೇಟರ್ ನೀರು ಒಳಗೆ ಸುಡ್ತಿದೆ. ಕಪ್ಪು ಹೊಗೆ ಅಂದರೆ ಇಂಧನ ಲೆಕ್ಕ ತಪ್ಪಿ ಹರೀತಿದೆ. ಚಳಿಗಾಲದ ಬೆಳಿಗ್ಗೆ ತೆಳ್ಳಗೆ ಬಂದು ಮಾಯವಾಗುವ ಹಬೆಗೆ ಹೆದರಬೇಡಿ.

ಮೇಸ್ತ್ರಿ ಆಯಿಲ್ ಮುಚ್ಚಳ ಬಿಚ್ಚಿದರು. ಒಳಗೆ ಬೆಣ್ಣೆಯಂಥ ಬಿಳಿ ಜಿಡ್ಡು. ಆಯಿಲ್‌ಗೆ ನೀರು ಸೇರಿದ ಗುರುತು. ರೇಡಿಯೇಟರ್ ಡಬ್ಬಿಯಲ್ಲಿ ಕೂಲಂಟ್ ಇರಬೇಕಾದ ಕಡೆ ತುಕ್ಕು ಬಣ್ಣದ ನಲ್ಲಿ ನೀರು. ಎಂಜಿನ್ ಪಕ್ಕದ ಒಂದು ವೈರನ್ನು ಮೆಲ್ಲಗೆ ಬಗ್ಗಿಸಿದರು, ಮೇಲಿನ ಹೊದಿಕೆ ಹಪ್ಪಳದ ಹಾಗೆ ಪುಡಿಪುಡಿ! ಆ ಕಾಲದ ಪೆಟ್ರೋಲ್ ಗಾಡಿಗಳ ದೊಡ್ಡ ಕಾಯಿಲೆ ಇದು. ಮಣ್ಣಿನಲ್ಲಿ ಕರಗಿಹೋಗಲಿ ಅಂತ ಪರಿಸರದ ಮೇಲಿನ ಪ್ರೀತಿಯಿಂದ ಮಾಡಿದ ವೈರು, ಎಂಜಿನ್ ಬಿಸಿಗೆ ಗಾಡಿಯೊಳಗೇ ಕರಗೋಕೆ ಶುರುಮಾಡಿತು. ಪೂರ್ತಿ ವೈರಿನ ಕಟ್ಟೇ ಬದಲಾಯಿಸಬೇಕು.

ಕೊನೆಗೆ ಮೇಸ್ತ್ರಿ ಜೇಬಿನಿಂದ ಸಣ್ಣ ಅಯಸ್ಕಾಂತ ತೆಗೆದು, ಬಟ್ಟೆ ಸುತ್ತಿ ಬಾಡಿಗೆ ಹಿಡಿದರು. ಬಾಗಿಲಿಗೆ ಅಂಟಿತು. ಕೆಳಗೆ ಚಕ್ರದ ಕಮಾನಿನ ಹತ್ತಿರ ಜಾರಿ ಬಿತ್ತು. ಅಲ್ಲಿ ಇದ್ದದ್ದು ಬರೀ ಪುಟ್ಟಿ!

"ಮೇಕಪ್ ಮ್ಯಾನ್ ಗಟ್ಟಿಗ ಸಾರ್. ಆರ್ಟಿಸ್ಟಿಗೆ ಜೀವ ಇಲ್ಲ" ಅಂದರು ಮೇಸ್ತ್ರಿ. ಹುಡುಗನ ಮುಖ ಸಣ್ಣದಾಯಿತು. ನನಗೆ ಮಾತ್ರ 2008ರಲ್ಲಿ ಯಾರಾದರೂ ಹೀಗೆ ಹೇಳಿದ್ದರೆ ಅನ್ನಿಸಿತು.

ಎರಡನೇ ಗಾಡಿ: ಮೈಸೂರಿನ ಫೈಲು

ಎರಡು ತಿಂಗಳು ಕಾದೆವು. ಮೈಸೂರಿನಲ್ಲಿ ಒಬ್ಬ ನಿವೃತ್ತ ಡಾಕ್ಟರ ಮನೆಯಲ್ಲಿ ಒಂದಿದೆ ಅಂತ ಸುದ್ದಿ ಬಂತು. 1996ರ ಇ 220. ಅವರೇ ಮೊದಲ ಮಾಲೀಕರು. ಕಡುನೀಲಿ ಬಣ್ಣ, ಮೇಲ್ಛಾವಣಿ ಬಿಸಿಲಿಗೆ ಮಂಕಾಗಿದೆ. ಹಿಂದಿನ ಬಂಪರಿನಲ್ಲಿ ಗೀರು. ಹುಡುಗ ಮೊದಲ ನೋಟಕ್ಕೇ ಮೂಗು ಮುರಿದ.

ಡಾಕ್ಟರು ಒಳಗೆ ಹೋಗಿ ದಪ್ಪ ಫೈಲು ತಂದಿಟ್ಟರು. 1996ರಿಂದ ಒಂದೊಂದು ಸರ್ವೀಸಿನ ಬಿಲ್ಲು, ದಿನಾಂಕ, ಕಿಲೋಮೀಟರು, ಬದಲಾಯಿಸಿದ ಸಾಮಾನು. ಮೇಸ್ತ್ರಿ ಕಾರನ್ನು ಬಿಟ್ಟು ಅರ್ಧ ಗಂಟೆ ಫೈಲನ್ನೇ ಓದಿದರು! ವೈರಿನ ಕಟ್ಟು ಆಗಲೇ ಬದಲಾಗಿತ್ತು, ಬಿಲ್ಲು ಇತ್ತು. ಎ.ಸಿ. ಕೆಲಸವೂ ಆಗಿತ್ತು, ಬಿಲ್ಲು ಇತ್ತು.

ಮೀಟರ್ ತಿರುಗಿಸಿದ್ದಾರೋ ಇಲ್ಲವೋ ಕಂಡುಹಿಡಿಯೋದು ಹೀಗೇ. ಬಿಲ್ಲಿನ ಕಿಲೋಮೀಟರ್ ವರ್ಷದಿಂದ ವರ್ಷಕ್ಕೆ ಏರ್ತಾ ಬರಬೇಕು. ಬಿಲ್ಲಿಲ್ಲದಿದ್ದರೆ ಬ್ರೇಕ್ ಪೆಡಲಿನ ರಬ್ಬರು, ಸ್ಟೇರಿಂಗ್ ಚರ್ಮ, ಡ್ರೈವರ್ ಸೀಟಿನ ಅಂಚು ನೋಡಿ. ಮೀಟರು 60 ಸಾವಿರ ತೋರಿಸಿ ಪೆಡಲು ಪೂರ್ತಿ ಸವೆದಿದ್ದರೆ...... ಯಾರೋ ಕಥೆ ತಿದ್ದಿದ್ದಾರೆ ಅಂತ ಅರ್ಥ.

ಬಾನೆಟ್ ಮುಟ್ಟಿದರೆ ತಣ್ಣಗೆ. ಸ್ಟಾರ್ಟ್ ಮಾಡಿದರೆ ಹೊಗೆಯಿಲ್ಲ. ಈ ಎಂಜಿನ್‌ಗೆ ಬೆಲ್ಟ್ ಬದಲು ಟೈಮಿಂಗ್ ಚೈನು. ಶುರುವಿನಲ್ಲಿ ಅದು ಲಟಲಟ ಅಂದರೆ ಅನುಮಾನ. ಅದೂ ಇಲ್ಲ. ಕೆಳಗೆ ಜ್ಯಾಕ್ ಕೊಡುವ ಜಾಗದ ಪ್ಲಾಸ್ಟಿಕ್ ಮುಚ್ಚಳ ತೆಗೆದು ಟಾರ್ಚ್ ಬಿಟ್ಟರು. ಈ ಗಾಡಿಯಲ್ಲಿ ತುಕ್ಕು ಬಚ್ಚಿಟ್ಟುಕೊಳ್ಳೋದೇ ಅಲ್ಲಿ. ಸ್ವಲ್ಪ ಇತ್ತು, ತೂತಾಗಿರಲಿಲ್ಲ. ಓಡಿಸಿ ನೋಡಿದಾಗ ಹಿಂದಿನ ಚಕ್ರದ ಕಡೆಯಿಂದ ಗುಡುಗುಡು ಸದ್ದು. ಒಂದೊಂದು ಹಿಂಚಕ್ರವನ್ನು ಐದೈದು ಕೈ ಹಿಡಿದುಕೊಂಡಿರುತ್ತವೆ, ಅವುಗಳ ರಬ್ಬರ್ ಬುಷ್ ಸವೆದಿದ್ದವು. ಟೈರಿನ ಪಕ್ಕದ ನಾಲ್ಕು ಅಂಕಿಯನ್ನೂ ಓದಿದರು. ಮೊದಲ ಎರಡು ವಾರ, ಕೊನೆಯ ಎರಡು ವರ್ಷ. '2315' ಅಂದರೆ 2015ರ 23ನೇ ವಾರ. ಗುಂಡಿ ಚೆನ್ನಾಗಿದ್ದರೂ ರಬ್ಬರು ಮುದಿಯಾಗಿತ್ತು.

"ಈ ಗಾಡಿ ತನ್ನ ಕಾಯಿಲೆ ತಾನೇ ಹೇಳ್ತಿದೆ ಸಾರ್. ಬಚ್ಚಿಡ್ತಾ ಇಲ್ಲ. ಇದನ್ನೇ ತಗೊಳ್ಳಿ."

ಬೆಲೆ ಮಾತಾಡೋಕೆ ಕೂತೆವು. ಡಾಕ್ಟರು ದುಡ್ಡಿನ ವಿಷಯ ಎತ್ತಲೇ ಇಲ್ಲ. ಹುಡುಗನನ್ನು ನೋಡಿ ಕೇಳಿದ್ದು ಒಂದೇ: "ವಾರಕ್ಕೆ ಎಷ್ಟು ಸಲ ಓಡಿಸ್ತೀಯಪ್ಪಾ?"

"ಭಾನುವಾರ ಒಂದು ದಿನ ಸರ್. ಅಮ್ಮನ್ನ ಕರ್ಕೊಂಡು ಹೋಗ್ತೀನಿ."

ಡಾಕ್ಟರು ತಲೆಯಾಡಿಸಿದರು. ಮೂರೂವರೆ ಹೇಳಿದ್ದವರು ಮೂರಕ್ಕೆ ಒಪ್ಪಿದರು.

ಕಾಗದವಿಲ್ಲದ ಕಾರು, ಸೆನ್ಸಾರ್ ಆಗದ ಚಿತ್ರ!

ದುಡ್ಡು ಕೊಡುವ ಮುಂಚೆ ಕಾಗದ ನೋಡಿ. ಆರ್.ಸಿ.ಯಲ್ಲಿರುವ ಚಾಸಿ ನಂಬರು, ಎಂಜಿನ್ ನಂಬರು ಗಾಡಿಯ ಮೇಲಿನದಕ್ಕೆ ಅಕ್ಷರಶಃ ಹೊಂದಬೇಕು. ಸಾಲ ತೀರಿದೆಯಾ, ಎಷ್ಟನೇ ಮಾಲೀಕರು, ದಂಡ ಬಾಕಿ ಇದೆಯಾ...... ಇದೆಲ್ಲಾ ಈಗ ಮೊಬೈಲಿನಲ್ಲೇ ಸರಕಾರದ ಪರಿವಾಹನ್ ಲೆಕ್ಕದಲ್ಲಿ ಸಿಗುತ್ತೆ. ಮಾಲೀಕತ್ವ ಬದಲಾವಣೆಗೆ ಫಾರಂ 29 ಮತ್ತು 30. ಬ್ಯಾಂಕ್ ಸಾಲ ಇದ್ದದ್ದಾದರೆ ಫಾರಂ 35. ಕೊಂಡವರು 30 ದಿನದೊಳಗೆ ಆರ್.ಟಿ.ಓ.ಗೆ ತಿಳಿಸಬೇಕು, ವಿಮೆ ಹೆಸರು ಬದಲಾವಣೆಗೆ 14 ದಿನ.

ಹದಿನೈದು ವರ್ಷ ದಾಟಿದ ಗಾಡಿಗೆ ಐದೈದು ವರ್ಷಕ್ಕೊಮ್ಮೆ ನೋಂದಣಿ ನವೀಕರಣ. 2025ರ ಆಗಸ್ಟಿನಲ್ಲಿ ಕೇಂದ್ರ ಸರಕಾರ ಇಪ್ಪತ್ತು ವರ್ಷ ಮೀರಿದ ಕಾರಿನ ನವೀಕರಣ ಶುಲ್ಕವನ್ನು 10,000 ರೂಪಾಯಿಗೆ ಏರಿಸಿತು. ಇದನ್ನೂ ಲೆಕ್ಕಕ್ಕೆ ಹಿಡಿಯಿರಿ.

'ದೆಹಲಿ ಗಾಡಿ, ಭಾರೀ ಚೀಪು' ಅಂತ ಯಾರಾದರೂ ಕಿವಿಯೂದಿದರೆ ಒಂದು ನಿಮಿಷ ನಿಲ್ಲಿ. ಹತ್ತು ವರ್ಷ ದಾಟಿದ ಡೀಸೆಲ್, ಹದಿನೈದು ದಾಟಿದ ಪೆಟ್ರೋಲ್ ಗಾಡಿ ರಾಜಧಾನಿ ಪ್ರದೇಶದಲ್ಲಿ ಓಡಬಾರದು ಎಂಬ ಆದೇಶವನ್ನು 2018ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿದ ಮೇಲೆ ಅಲ್ಲಿಯ ದೊಡ್ಡ ಗಾಡಿಗಳು ದಕ್ಷಿಣಕ್ಕೆ ಇಳಿದವು. ಬೆಲೆ ಕಮ್ಮಿ ನಿಜ. ಆದರೆ ಅಲ್ಲಿಯ ಎನ್.ಓ.ಸಿ. ಬೇಕು. ಹನ್ನೆರಡು ತಿಂಗಳಿಗಿಂತ ಹೆಚ್ಚು ಇಲ್ಲೇ ಇಟ್ಟುಕೊಂಡರೆ ಇಲ್ಲಿಯ ನಂಬರ್ ಹಾಕಿಸಬೇಕು, ಕರ್ನಾಟಕದ ಜೀವಾವಧಿ ತೆರಿಗೆ ಕಟ್ಟಬೇಕು. ಎಲ್ಲಾ ಕೂಡಿಸಿದ ಮೇಲೆ ಚೀಪೋ ದುಬಾರಿಯೋ ನೀವೇ ಹೇಳಿ.

ತಂದ ಮೇಲೆ ಸಾಕೋದು ಹೇಗೆ?

ಮದುವೆಯಾದ ಮೇಲೆ ಸಂಸಾರ ಶುರು! ಹುಡುಗ ಮೊದಲ ಮೂರು ತಿಂಗಳಲ್ಲಿ ಜೇಬಿನ ಎರಡು ಲಕ್ಷದಲ್ಲಿ ಅರ್ಧಕ್ಕಿಂತ ಹೆಚ್ಚು ಖರ್ಚು ಮಾಡಿದ. ಬುಷ್‌ಗಳು, ನಾಲ್ಕು ಟೈರು, ಎಲ್ಲಾ ರಬ್ಬರ್ ಹೋಸುಗಳು, ಆಯಿಲು, ಬ್ರೇಕು. ಮಿಕ್ಕಿದ್ದು ಇವತ್ತಿಗೂ ಬ್ಯಾಂಕಿನಲ್ಲಿದೆ, ಗಾಡಿಯ ಹೆಸರಿನಲ್ಲಿ.

ಮೇಸ್ತ್ರಿ ಅವನಿಗೆ ಬರೆಸಿದ ಪಟ್ಟಿ ನಿಮಗೂ ಇರಲಿ:

* ಎಂಜಿನ್ ಆಯಿಲು 10 ಸಾವಿರ ಕಿಲೋಮೀಟರಿಗೆ ಅಥವಾ ವರ್ಷಕ್ಕೊಮ್ಮೆ, ಯಾವುದು ಮೊದಲೋ ಅದು. ಓಡಿಸಿಲ್ಲ ಅಂತ ಬಿಡಬೇಡಿ, ನಿಂತಲ್ಲೇ ಆಯಿಲ್ ಕೆಡುತ್ತೆ.

* ರೇಡಿಯೇಟರಿಗೆ ನಲ್ಲಿ ನೀರು ಬೇಡವೇ ಬೇಡ. ಶುದ್ಧ ನೀರು ಬೆರೆಸಿದ ಕೂಲಂಟ್, ಮೂರು ವರ್ಷಕ್ಕೊಮ್ಮೆ ಬದಲು. ಬಿಸಿಯ ಮುಳ್ಳು ಏರಿದರೆ ಗಾಡಿ ಅಲ್ಲೇ ನಿಲ್ಲಿಸಿ. 'ಇನ್ನೆರಡೇ ಕಿಲೋಮೀಟರು' ಅಂದವರು ಎಂಜಿನ್ ಕಳಕೊಂಡಿದ್ದಾರೆ.

* ಬ್ರೇಕ್ ಆಯಿಲು ಎರಡು ವರ್ಷಕ್ಕೊಮ್ಮೆ. ಅದು ಗಾಳಿಯ ತೇವ ಹೀರಿಕೊಳ್ಳುತ್ತೆ, ಘಾಟಿ ಇಳಿಯುವಾಗ ಕೈ ಕೊಡುತ್ತೆ.

* ಆಟೋಮ್ಯಾಟಿಕ್ ಗೇರಿನ ಗಾಡಿಯಾದರೆ ಅದರ ಆಯಿಲ್ ಕೆಂಪಗಿರಬೇಕು. ಕಂದು ಬಣ್ಣ, ಸೀದ ವಾಸನೆ ಇದ್ದರೆ ಅಪಾಯ. 60 ಸಾವಿರಕ್ಕೆ ಬದಲು.

* ಈಗಿನ ಪೆಟ್ರೋಲಿನಲ್ಲಿ ಶೇಕಡಾ 20ರಷ್ಟು ಎಥನಾಲ್ ಬೆರೆಸುತ್ತಾರೆ. ಹಳೇ ಗಾಡಿಯ ರಬ್ಬರ್ ಪೈಪು ಅದಕ್ಕೆ ಅಂತ ಮಾಡಿದ್ದಲ್ಲ. ಆರು ತಿಂಗಳಿಗೊಮ್ಮೆ ಪೈಪು ಮುಟ್ಟಿ, ಮೂಸಿ ನೋಡಿ. ಪೆಟ್ರೋಲ್ ವಾಸನೆ ಬಂದರೆ ಬೆಂಕಿಗೆ ಆಹ್ವಾನ.

* ಒಂಟಿ ವೈಪರಿನ ಗೇರಿಗೆ ಮಳೆಗಾಲಕ್ಕೆ ಮುಂಚೆ ಗ್ರೀಸು. ಅದು ನಿಂತರೆ ಬದಲಿಗೆ ಇನ್ನೊಂದಿಲ್ಲ!

* ವಾರಕ್ಕೊಮ್ಮೆ ಕನಿಷ್ಠ ಅರ್ಧ ಗಂಟೆ ಓಡಿಸಿ. ಹೇಳಿದ್ದೆನಲ್ಲ, ಇದು ಓಡೋಕೆ ಹುಟ್ಟಿದ್ದು. ನಿಲ್ಲಿಸಿಟ್ಟರೆ ಬ್ಯಾಟರಿ ಸಾಯುತ್ತೆ, ರಬ್ಬರು ಒಣಗುತ್ತೆ, ಇಲಿ ವೈರು ಕಡಿಯುತ್ತೆ.

ಕೊನೆಯದಾಗಿ ಒಂದು ಮಾತು, ಇದು ತಮಾಷೆಯಲ್ಲ. 1990ರ ಸೆಪ್ಟೆಂಬರ್ 30ರಂದು ದಾವಣಗೆರೆ ಹತ್ತಿರದ ಆನಗೋಡಿನಲ್ಲಿ ನಮ್ಮ ಶಂಕರಣ್ಣನನ್ನು ರಸ್ತೆ ಕಿತ್ತುಕೊಂಡಿತು. ಎಷ್ಟೇ ಗಟ್ಟಿ ಕಾರಾದರೂ ಬೆಲ್ಟ್ ಹಾಕಿ. ನಿದ್ದೆ ಬಂದರೆ ನಿಲ್ಲಿಸಿ. ಸ್ಪೀಡು ಪರದೆಯ ಮೇಲಿರಲಿ.

ಕೊನೇ ರೀಲು

ಮೊನ್ನೆ ಒಂದು ಭಾನುವಾರ ಮೈಸೂರಿಗೆ ಹೋಗೋಣ ಅಂತ ಹುಡುಗ ಕರೆದ. ಅವನ ತಾಯಿ ಮುಂದಿನ ಸೀಟಿನಲ್ಲಿ, ನಾನೂ ನನ್ನ ಮನೆಯವಳೂ ಹಿಂದೆ. ಗಾಡಿ ಮಂಕು ಛಾವಣಿಯ ಅದೇ ಕಡುನೀಲಿ. ಪೇಂಟ್ ಮಾಡಿಸಿಲ್ಲ. "ಹೊಳಪಿಗೆ ಆಮೇಲೆ ದುಡ್ಡು ಹಾಕ್ತೀನಣ್ಣ, ಮೊದಲು ಹೊಟ್ಟೆ" ಅಂದ.

ಡಾಕ್ಟರ ಮನೆ ಮುಂದೆ ನಿಲ್ಲಿಸಿದೆವು. ಅವರು ಕೋಲೂರಿಕೊಂಡು ಹೊರಗೆ ಬಂದರು. ಮಾತಾಡಿಸಲಿಲ್ಲ, ನಗಲೂ ಇಲ್ಲ. ಸೀದಾ ಬಂದು ಹಿಂದಿನ ಚಕ್ರದ ಪಕ್ಕ ಬಗ್ಗಿ ಕಿವಿಗೊಟ್ಟು ಕೇಳಿದರು. ಗುಡುಗುಡು ಸದ್ದು ಇರಲಿಲ್ಲ. ಹುಡುಗ ಸೀಟಿನ ಕೆಳಗಿನಿಂದ ಅದೇ ದಪ್ಪ ಫೈಲು ತೆಗೆದು ಕೊಟ್ಟ. ಕೊನೆಯಲ್ಲಿ ಅವನ ಹೆಸರಿನ ಏಳು ಹೊಸ ಬಿಲ್ಲುಗಳು ಸೇರಿದ್ದವು. ಅವರು ಒಂದೊಂದನ್ನೂ ಓದಿ, ಫೈಲು ವಾಪಸ್ ಕೊಟ್ಟು, ಆಗ "ಒಳಗೆ ಬನ್ನಿ, ಕಾಫಿ ಕುಡಿಯಿರಿ" ಅಂದರು.

ವಾಪಸ್ ಬರುವಾಗ ರಾತ್ರಿಯಾಗಿತ್ತು. ಮದ್ದೂರು ದಾಟಿದ ಮೇಲೆ ಮಳೆ ಹಿಡಿಯಿತು. ಒಂಟಿ ವೈಪರು ಕೈ ಚಾಚಿ ಚಾಚಿ ಒರೆಸುತ್ತಿತ್ತು. ಹದಿನೇಳು ವರ್ಷ ಆ ಮಾತೆತ್ತದ ನನ್ನ ಮನೆಯವಳು ಕಿಟಕಿಯಾಚೆ ನೋಡ್ತಾ ಮೆಲ್ಲಗೆ ಕೇಳಿದಳು:

"ಆವತ್ತು ಇಂಥ ಮೇಸ್ತ್ರಿ ನಿಮಗೆ ಸಿಕ್ಕಿರಲಿಲ್ವೇನ್ರೀ?"

ಸಿಕ್ಕಿದ್ದರೂ ನಾನು ಕೇಳ್ತಿರಲಿಲ್ಲ ಮಾರಾಯ್ತಿ ಅಂದೆ. ಬಳೆ ಸದ್ದು ಮಾಡಿಕೊಂಡು ನಕ್ಕಳು.

ನೀವಾದರೂ ಕೇಳ್ತೀರಲ್ಲ?